ಹೆಪ್ಪು ಬಚ್ಚಿಟ್ಟುಕೊಂಡವರು ದಯಮಾಡಿ ಒಂದು ಚಮಚ ಒಪ್ಪಿಸುವ ಬಗ್ಗೆ

ಕಚೇರಿ: (ನಾಮಫಲಕ ಇನ್ನೂ ಬಂದಿಲ್ಲವಾದ್ದರಿಂದ ಇಲಾಖೆಯ ಹೆಸರನ್ನು ನಂತರ ತಿಳಿಸಲಾಗುವುದು)
ನವನಗರ, ಬಾಗಲಕೋಟೆ

ಸಂಖ್ಯೆ: ಜೀನಾ/ಹೆಪ್ಪು/ಸುತ್ತೋಲೆ-೩/ಅತಿ ತುರ್ತು
ದಿನಾಂಕ: ಎರಡನೇ ಶನಿವಾರ (ರಜೆ ಇದ್ದಾಗ್ಯೂ)

ವಿಷಯ: ಪೇಟೆಂಟ್ ಅರ್ಜಿಗೆ ಅವಶ್ಯವಿರುವ ಜೀವಂತ ಹೆಪ್ಪನ್ನು, ಇಲಾಖೆಯ ಆದೇಶ ಮೀರಿ ಉಳಿಸಿಕೊಂಡಿರುವ ಸಾರ್ವಜನಿಕರಿಂದ, ಅವರ ಮನಸ್ಸಿಗೆ ನೋವಾಗದಂತೆ ಪಡೆಯುವ ಕುರಿತು.

ಉಲ್ಲೇಖ: ೧) ಯಾರೂ ಯಾರಿಗೂ ಹೆಪ್ಪು ಕೊಡಬಾರದೆಂಬ ಈ ಕಚೇರಿಯ ಮೊದಲ ಸುತ್ತೋಲೆ.
೨) ಇದ್ದ ಹೆಪ್ಪನ್ನೂ ಉಂಡು ಮುಗಿಸಿ ದೃಢೀಕರಣ ಸಲ್ಲಿಸಬೇಕೆಂಬ ಎರಡನೇ ಸುತ್ತೋಲೆ.
೩) ಸದರಿ ಎರಡೂ ಸುತ್ತೋಲೆಗಳನ್ನು ಓದಿ ಕುಮಾರಿ ಸುರೇಖಾ ಇವರು ಕಚೇರಿಗೆ ಬಂದು ಆಡಿದ ಮಾತುಗಳು (ಆಗ ದಾಖಲಿಸಿರಲಿಲ್ಲ; ಈಗ ದಾಖಲಿಸಲಾಗಿದೆ).

ಪ್ರಸ್ತಾವನೆ:

ಶ್ರೀಮತಿ ಸೋಮವ್ವ ಇವರು ಈ ಕಚೇರಿಯ ಹಿಂದಿನ ಸೆಕ್ಟರಿನಲ್ಲಿ ಎಮ್ಮೆ ಸಾಕಿಕೊಂಡಿರುವ ಹಿರಿಯರು. ಹಳೆ ಬಾಗಲಕೋಟೆಗೆ ಅಣೆಕಟ್ಟಿನ ಹಿನ್ನೀರು ಬಂದಾಗ ಮಂದಿಯೆಲ್ಲ ಬಾಗಿಲು, ತೊಲೆ, ಕಪಾಟು ಕಿತ್ತು ಟ್ರ್ಯಾಕ್ಟರಿಗೆ ಹೇರಿದರೆ, ಇವರು ಮೊಸರಿನ ಗಡಿಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ನವನಗರಕ್ಕೆ ಬಂದರೆಂದು ತಿಳಿದುಬಂದಿದೆ. ಪ್ಲಾಟು ಹಂಚುವಾಗ ಒಂದೇ ಓಣಿಯವರು ಚೆಲ್ಲಾಪಿಲ್ಲಿಯಾದರು. ಆದರೆ ಬಟ್ಟಲು ಹಿಡಿದು ಸೋಮವ್ವನ ಬಾಗಿಲಿಗೆ ಬರುವುದನ್ನು ಯಾರೂ ಬಿಡಲಿಲ್ಲ. ಕೇಳಿದವರಿಗೆ ಇಲ್ಲವೆನ್ನದೆ ಹೆಪ್ಪು ಕೊಡುವುದು ಆಕೆಯ ಪದ್ಧತಿ. ಹೀಗಾಗಿ ಸೆಕ್ಟರಿನ ಸಮಸ್ತ ಮೊಸರೂ ಒಂದೇ ಗಡಿಗೆಯ ಸಂತಾನವೆಂದು ಪರಿಗಣಿಸಬಹುದಾಗಿದೆ.

ಸೂಕ್ಷ್ಮಾಣು ಸಂಶೋಧಕಿಯಾದ ಸುರೇಖಾ ಇವರು ಸದರಿ ಹೆಪ್ಪಿನಿಂದ ಒಂದು ಸೂಕ್ಷ್ಮಾಣುವನ್ನು ಬೇರ್ಪಡಿಸಿ, ಅದಕ್ಕೆ ಇನ್ನೆರಡನ್ನು ಕೂಡಿಸಿ ಒಂದು ಮಿಶ್ರಣ ಕಂಡುಹಿಡಿದಿದ್ದಾರೆ. ದಾಳಿಂಬೆ ಗಿಡಕ್ಕೆ ಸಿಂಪಡಿಸಿದರೆ ಅಂಗಮಾರಿ ರೋಗ ಹಿಮ್ಮೆಟ್ಟುತ್ತದೆ. ಒಣಗಿಸಿ ಪುಡಿ ಮಾಡಿ ಕೊಟ್ಟರೆ ಕೂಸುಗಳ ಭೇದಿ ನಿಲ್ಲುತ್ತದೆ. ಕೃಷಿ ಹಾಗೂ ವೈದ್ಯಕೀಯ ಎರಡೂ ಒಂದೇ ಗಡಿಗೆಯಿಂದ ಹೊರಟಿರುವುದನ್ನು ಕಂಡು ಇಲಾಖೆಗೆ ಆದ ಹಿಗ್ಗು ಇಷ್ಟೇ ಎಂದು ಹೇಳಲಾಗದು. ಆ ಹಿಗ್ಗಿನಲ್ಲಿಯೇ ಆವಿಷ್ಕಾರದ ಗುಟ್ಟು ಕಾಯಲೆಂದು ಉಲ್ಲೇಖ (೧) ಮತ್ತು (೨)ರ ಸುತ್ತೋಲೆಗಳನ್ನು ಹೊರಡಿಸಲಾಯಿತು. ಹೊರಡಿಸಿದವರು ಕೆಳಗೆ ಸಹಿ ಮಾಡಿರುವ ಸಹಾಯಕ ನಿರ್ದೇಶಕರಾದ ದುಂಡೇಶ ಇವರು (ಇನ್ನು ಮುಂದೆ ‘ಕೆಳಸಹಿದಾರರು’). ಸುರೇಖಾ ಇವರು ಆಗಲೇ ಬಂದು ಹೇಳಿದ್ದು ಹೀಗಿದೆ:

"ಸರ್, ಅಡಿಗಿಮನ್ಯಾಗಿನ ಹೆಪ್ಪಿಗೆ ಯಾರೂ ಪೇಟೆಂಟ್ ಕೊಡಂಗಿಲ್ರಿ. ನಾ ಕೇಳಿದ್ದು ನನ್ನ ಮಿಶ್ರಣಕ್ಕ, ಅದನ್ನ ಮಾಡೋ ರೀತಿಗೆ. ಮಂದಿ ಮೊಸರು ಮಾಡ್ಕೊಂಡು ಉಂಡ್ರ ನನಗೇನ್ ಆಗಂಗಿಲ್ಲ. ಜೀವಂತ ಮಾದರಿ ಒಂದು ಜ್ವಾಕಿ ಮಾಡ್ರಿ, ಸಾಕು. ಅದನ್ನ ಸರ್ಕಾರದ ಸೂಕ್ಷ್ಮಾಣು ಭಂಡಾರದಾಗ ಠೇವಣಿ ಇಡದಿದ್ರ ಅರ್ಜಿನ ಬಿದ್ದು ಹೋಗ್ತೈತಿ."

ಇದನ್ನು ಕೆಳಸಹಿದಾರರು ಒಂದು ಕಿವಿಯಿಂದ ಕೇಳಿ ಮತ್ತೊಂದು ಕಿವಿಯಿಂದ ಬಿಟ್ಟರೆಂದು ನಮೂದಿಸಲು ವಿಷಾದವಾಗುತ್ತದೆ. ಮಾದರಿಯನ್ನು ಜೋಪಾನ ಮಾಡುವ ಸಲುವಾಗಿ ಸೋಮವ್ವನ ಮೂಲ ಗಡಿಗೆಗೆ ಜವಾನ ಹಣಮಪ್ಪನ ಕೈಯಿಂದ ಅರಗಿನ ಮೊಹರು ಹಾಕಿಸಿ, ಬಾಗಿಲ ಮುಂದೆ ಅವನನ್ನೇ ಕಾವಲು ಕೂಡಿಸಲಾಯಿತು. ಆಗ ಸೋಮವ್ವ ಹೇಳಿದ್ದು ಪಂಚನಾಮೆಯಲ್ಲಿ ಯಥಾವತ್ತಾಗಿ ಇದೆ: "ಸಾಹೇಬ್ರ, ಇದಕ್ಕ ದಿನಾ ಹಾಲು ಬೇಕ್ರಿ. ಬಾಯಿಗೆ ಅರಗು ಹಚ್ಚಿದ್ರ ಪಾಪ ಅದು ಏನ್ ತಿನ್ನಬೇಕು?" ಸದರಿ ಪ್ರಶ್ನೆಯನ್ನು ಮೇಲಧಿಕಾರಿಗಳ ಗಮನಕ್ಕೆ ತರಲಾಗುವುದೆಂದು ಉತ್ತರಿಸಲಾಯಿತು. ಗಮನಕ್ಕೆ ಬರುವಷ್ಟರಲ್ಲಿ ಗಡಿಗೆಯೊಳಗೆ ಹಸಿರು, ಕೆಂಪು ಮತ್ತು ಹೆಸರಿಡಲಾಗದ ಇನ್ನೊಂದು ಬಣ್ಣ ಬೆಳೆದಿತ್ತು.

ಎರಡನೇ ಮಾದರಿ, ಅಂದರೆ ಸುರೇಖಾ ಇವರು ಬೇರ್ಪಡಿಸಿಟ್ಟಿದ್ದ ಸೂಕ್ಷ್ಮಾಣು, ಇಲಾಖೆಯ ಶೀತಪೆಟ್ಟಿಗೆಯಲ್ಲಿ ಇತ್ತು. ‘ಜೀವಂತ ಮಾದರಿಗಳ ಸಂರಕ್ಷಣೆ’ ಎಂಬ ವಿಷಯದ ಪ್ರಗತಿ ಪರಿಶೀಲನಾ ಸಭೆಯಲ್ಲಿ ಸೆಕೆ ಹೆಚ್ಚಾದ್ದರಿಂದ ಸದರಿ ಪೆಟ್ಟಿಗೆಯ ಪ್ಲಗ್ಗು ಕಿತ್ತು ಆ ಜಾಗದಲ್ಲಿ ಫ್ಯಾನು ಹಚ್ಚಲಾಯಿತು. ಸಭೆ ಯಶಸ್ವಿಯಾಯಿತು. ಫ್ಯಾನು ಮೂರನೇ ದಿನವೂ ತಿರುಗುತ್ತಿತ್ತು; ಮಾದರಿ ಉಳಿದಿರಲಿಲ್ಲ. ಪ್ಲಗ್ಗಿಗೆ ಬೀಗ ಹಾಕುವ ಬಗ್ಗೆ ಈಗ ಸಮಿತಿ ರಚಿಸಲಾಗಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆಯನ್ನು ಸಮಿತಿಯ ಕಾರ್ಯವ್ಯಾಪ್ತಿಯಿಂದ ಹೊರಗಿಡಲಾಗಿದೆ.

ಮೊಹರು ಒಡೆದ ದಿನ ಸೋಮವ್ವ ಇವರು ಗಡಿಗೆಯೊಳಗೆ ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಪರವಾಗಿರಲಿಲ್ಲ. "ಹುಟ್ಟಿದಾಗಿಂದ ಕೊಟ್ಟು ಗೊತ್ತ ನನಗ, ಬೇಡಿ ಗೊತ್ತಿಲ್ಲ. ಇವತ್ತ ಬಟ್ಟಲ ಹಿಡ್ಕೊಂಡು ಯಾರ ಮನಿ ಮುಂದ ನಿಂದರಲಿ?" ಎಂದಷ್ಟೇ ಹೇಳಿ ಗಡಿಗೆ ತೊಳೆಯಲು ಕೂತರು. ಆ ಹೊತ್ತು ಕೆಳಸಹಿದಾರರಿಗೆ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು ಎಂಬುದನ್ನು ಯಾವ ಮುಚ್ಚುಮರೆಯೂ ಇಲ್ಲದೆ ಇಲ್ಲಿ ನಮೂದಿಸಲಾಗಿದೆ.

ಹಣಮಪ್ಪನಿಂದ ಸಾಲು ಸಾಲಾಗಿ ಮನೆಗಳ ತಪಾಸಣೆಯನ್ನೂ ಮಾಡಿಸಲಾಗಿ, ಸೆಕ್ಟರಿನ ಪ್ರತಿ ಮನೆಯೂ ‘ನಮ್ಮ ಮನೆಯಲ್ಲಿ ಹೆಪ್ಪು ಇರುವುದಿಲ್ಲ’ ಎಂದು ದೃಢೀಕರಣ ಕೊಟ್ಟಾಗಿದೆ. ಈ ಹೆಪ್ಪು ಹೋಗಿದ್ದ ಇಳಕಲ್ಲ, ಹುನಗುಂದಗಳ ಬೀಗರ ಮನೆಗಳಿಗೂ ತಂಡ ಕಳುಹಿಸಲಾಗಿ, ಅಲ್ಲಿ ಹೋದ ಬೇಸಿಗೆಯಲ್ಲಿಯೇ ಮೊಸರು ಕೆಟ್ಟು ಪಕ್ಕದ ಮನೆಯ ಹೆಪ್ಪು ಹಾಕಿಕೊಂಡದ್ದು ಕಂಡುಬಂದಿದೆ. ತಂಡವು ಊಟ ಮಾಡಿ ಮರಳಿದೆ. ಠೇವಣಿಗೆ ಕೊಟ್ಟ ಅವಧಿ ಬರುವ ವಾರ ಮುಗಿಯುತ್ತದೆ. ಆದ್ದರಿಂದ ಈ ಸುತ್ತೋಲೆ.

ಸುತ್ತೋಲೆ:

೧. ಯಾರಾದರೂ ಹಿಂದಿನ ಎರಡು ಸುತ್ತೋಲೆಗಳನ್ನು ಉಲ್ಲಂಘಿಸಿ ಸೋಮವ್ವನ ಹೆಪ್ಪನ್ನು ಉಳಿಸಿಕೊಂಡಿದ್ದಲ್ಲಿ, ಅಂಥವರಿಗೆ ಈ ಮೂಲಕ ಮುಂಗಡವಾಗಿ ಕೃತಜ್ಞತೆ ಸಲ್ಲಿಸಲಾಗಿದೆ.

೨. ಸದರಿ ಉಲ್ಲಂಘನೆಯನ್ನು ಪಾಲನೆಯೆಂದು ಪರಿಭಾವಿಸತಕ್ಕದ್ದು. ಇದುವರೆಗೆ ನಿಷ್ಠೆಯಿಂದ ಪಾಲಿಸಿದವರು ಎದೆಗುಂದಬಾರದು. ಅವರ ಪಾಲನೆಯನ್ನು ಯಾವುದೆಂದು ಪರಿಭಾವಿಸಬೇಕೆಂಬುದನ್ನು ಪ್ರತ್ಯೇಕವಾಗಿ ತಿಳಿಸಲಾಗುವುದು.

೩. ಹೆಪ್ಪು ಎಲ್ಲಿಂದ ಬಂತೆಂದು ಯಾರನ್ನೂ ಕೇಳತಕ್ಕದ್ದಲ್ಲ. "ಬೆಕ್ಕು ತಂದಿಟ್ಟಿತು" ಎಂಬ ವಿವರಣೆಯನ್ನೂ ಪೂರ್ಣ ಗಂಭೀರತೆಯಿಂದ ಸ್ವೀಕರಿಸತಕ್ಕದ್ದು.

೪. ಪಾತ್ರೆಗಳಿಗೆ ಮೊಹರು ಹಾಕುವುದಿಲ್ಲ. ಕಚೇರಿಯಲ್ಲಿನ ಅರಗನ್ನೆಲ್ಲ ತಿಜೋರಿಯಲ್ಲಿಟ್ಟು, ತಿಜೋರಿಗೆ ಅರಗು ಹಾಕಲಾಗಿದೆ.

೫. ಬಂದ ಬಟ್ಟಲನ್ನು ಖಾಲಿ ಕಳುಹಿಸಬಾರದೆಂಬ ರೂಢಿಯನ್ನು ಕಚೇರಿಯೂ ಪಾಲಿಸತಕ್ಕದ್ದು. ಬಟ್ಟಲಿಗೆ ಹಾಕುವ ಬೆಲ್ಲವನ್ನು ಯಾವ ಲೆಕ್ಕಶೀರ್ಷಿಕೆಯಡಿ ಖರೀದಿಸಬೇಕೆಂಬುದು ಇತ್ಯರ್ಥವಾಗುವವರೆಗೆ ಸಿಬ್ಬಂದಿಯು ತಮ್ಮ ಚಹಾದ ಸಕ್ಕರೆಯನ್ನು ಬಿಟ್ಟುಕೊಡತಕ್ಕದ್ದು. ಸಕ್ಕರೆ ಕಾಯಿಲೆ ಇರುವ ಸಿಬ್ಬಂದಿ ಇದರಲ್ಲಿ ಮೊದಲಿಗರಾಗತಕ್ಕದ್ದು.

೬. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂಬ ಪದ್ಧತಿ ಇರುವುದರಿಂದ ಸ್ವೀಕೃತಿ ಕೌಂಟರನ್ನು ಸಂಜೆಯ ಮುಂಚೆ ಮುಚ್ಚಲಾಗುವುದು. ಕಚೇರಿಯಲ್ಲಿ ಹಗಲೂ ಟ್ಯೂಬ್‌ಲೈಟು ಉರಿಯುತ್ತಿರುವುದು ದೀಪ ಹಚ್ಚಿದಂತೆ ಆಗುತ್ತದೆಯೇ ಎಂದು ಸೆಕ್ಟರಿನ ನಿವಾಸಿ ಶ್ರೀಮತಿ ತಬಸುಮ ಇವರು ಎತ್ತಿದ ಆಕ್ಷೇಪಣೆ ವಿಚಾರಯೋಗ್ಯವಾಗಿದೆ. ಸ್ಪಷ್ಟೀಕರಣ ಬರುವವರೆಗೆ ಕೌಂಟರು ಕತ್ತಲಲ್ಲಿ ಕಾರ್ಯನಿರ್ವಹಿಸತಕ್ಕದ್ದು. ಎಡವಿ ಬಿದ್ದವರು ಹೆಪ್ಪನ್ನು ಬೀಳಿಸತಕ್ಕದ್ದಲ್ಲ.

೭. ಮೆಣಸಿನಕಾಯಿ ತೊಟ್ಟು ಹಾಕಿ, ಹುಣಸೆಹಣ್ಣು ಹಿಂಡಿ ಅಥವಾ ನಿಂಬೆರಸ ಬಿಟ್ಟು ಒಡೆಸಿದ ಹಾಲನ್ನು ತರತಕ್ಕದ್ದಲ್ಲ. ಈಗಾಗಲೇ ಸುದ್ದಿ ತಿಳಿದು ಬಾದಾಮಿಯಿಂದ ಸಜ್ಜನರೊಬ್ಬರು ಅಂಗಡಿಯ ಪಾಕೀಟಿನ ಮೊಸರನ್ನು ಮಣ್ಣಿನ ಗಡಿಗೆಗೆ ಸುರುವಿ, "ಇದು ನಮ್ಮಜ್ಜಿ ಕಾಲದ್ದರಿ" ಎಂದು ತಂದಿದ್ದರು. ಗಡಿಗೆಯ ತಳದಲ್ಲಿ ಪಾಕೀಟಿನ ಮೂಲೆಯ ತುಂಡು ದೊರೆತಿದೆ. ಅವರ ಉತ್ಸಾಹವನ್ನು ಶ್ಲಾಘಿಸಿ ತುಂಡನ್ನು ಹಿಂದಿರುಗಿಸಲಾಗಿದೆ. ಬಂದದ್ದನ್ನೆಲ್ಲ ಸುರೇಖಾ ಇವರು ಸೂಕ್ಷ್ಮದರ್ಶಕದಲ್ಲಿ, ಸೋಮವ್ವ ಇವರು ನಾಲಗೆಯಲ್ಲಿ ಪರೀಕ್ಷಿಸಿ ಇಲ್ಲಿಯವರೆಗೆ ಒಮ್ಮತದಿಂದ ತಿರಸ್ಕರಿಸಿದ್ದಾರೆ.

(ಟಿಪ್ಪಣಿ: ಕಂಡಿಕೆ ೭ರವರೆಗೆ ಬೆರಳಚ್ಚಾದ ಮೇಲೆ ಕೆಳಸಹಿದಾರರು ಊಟಕ್ಕೆ ಮನೆಗೆ ಹೋದರು. ಮುಂದಿನ ಭಾಗವು ಊಟದ ನಂತರದ್ದಾಗಿದ್ದು, ಮೊದಲ ಭಾಗದೊಂದಿಗೆ ಹೊಂದದಿದ್ದಲ್ಲಿ ಇದನ್ನೇ ಅಂತಿಮವೆಂದು ಭಾವಿಸತಕ್ಕದ್ದು.)

೮. ಊಟದಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಕೊನೆಗೆ ಅನ್ನ ಮೊಸರು ಇದ್ದವು. ಎರಡನೇ ತುತ್ತಿಗೆ ಕೆಳಸಹಿದಾರರ ಕೈ ನಿಂತಿತು. ಹಲ್ಲಿಗೆ ತುಸು ಹುಳಿ, ಗಂಟಲಿಗೆ ತಂಪು. ಇದು ಸೋಮವ್ವನ ಮೊಸರೇ. ನೆನಪು ಮಾಡಿಕೊಂಡರೆ ನಿನ್ನೆಯೂ ಇದೇ, ಮೊನ್ನೆಯೂ ಇದೇ. ಊರಿಗೆಲ್ಲ ಮೊಸರು ನಿಲ್ಲಿಸಿದ ಅಧಿಕಾರಿ ತಾನು ಮಾತ್ರ ಒಂದು ದಿನವೂ ತಪ್ಪಿಸಿರಲಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಮಾತಿಗೆ ಇಷ್ಟು ಕರಾರುವಾಕ್ಕಾಗಿ ಹೊಂದುವ ಊಟ ಈ ಜಿಲ್ಲೆಯಲ್ಲಿ ಹಿಂದೆಂದೂ ಬಡಿಸಲಾಗಿರಲಿಕ್ಕಿಲ್ಲ. ಈ ಬಗ್ಗೆ ಪತ್ನಿಯಾದ ಶ್ರೀಮತಿ ಜಯಶ್ರೀ ಇವರನ್ನು ವಿಚಾರಿಸಲಾಗಿ, ಅವರು ರೊಟ್ಟಿ ಬುಟ್ಟಿ ಮುಚ್ಚುತ್ತ ನೀಡಿದ ಹೇಳಿಕೆ:

"ಹೌದ್ರಿ, ಆಕಿದ ಹೆಪ್ಪು. ನಿಮ್ಮ ಸುತ್ತೋಲಿ ಬಂದ ದಿನಾನ ತಬಸುಮ ಮತ್ತ ನಾವೆಲ್ಲ ಮಾತಾಡ್ಕೊಂಡ್ವಿ. ಒಂದ ಮನ್ಯಾಗ ಇಟ್ರ ಸಿಗತೈತಿ, ತಿರುಗಾಡ್ಲಿ ಅಂತ. ಹಣಮಪ್ಪ ಈ ಸಾಲಿಗೆ ಬಂದ್ರ ಅದು ಆ ಸಾಲಿನ್ಯಾಗ. ಆ ಸಾಲಿಗೆ ಹೋದ್ರ ಇತ್ತಾಗ. ಎಲ್ಲೂ ಹೊಂದದಿದ್ರ ನಮ್ಮನ್ಯಾಗ. ಸಾಹೇಬ್ರ ಮನಿ ಒಳಗ ಯಾರ್ ಬರ್ತಾರ? ಸಹಿ ಮಾಡಿಕೊಟ್ಟಿದ್ದು ಸುಳ್ಳಲ್ಲ ಮತ್ತ, ಸಹಿ ಮಾಡೂ ಹೊತ್ತಿಗೆ ಯಾರ ಮನ್ಯಾಗೂ ಇರಲೇ ಇಲ್ಲ. ಅದು ಹಾದ್ಯಾಗ ಇತ್ತು."

ಹಾಗಾದರೆ ಸೋಮವ್ವನಿಗೇ ಒಂದು ಚಮಚ ಏಕೆ ಕೊಡಲಿಲ್ಲವೆಂದು ಕೇಳಲಾಯಿತು. ಕೇಳುವಾಗ ಕೆಳಸಹಿದಾರರ ದನಿ ಸ್ವಲ್ಪ ಏರಿತ್ತು. ಉತ್ತರದ ದನಿ ಏರಿರಲಿಲ್ಲ.

"ಮೊದಲ ನೀವ ಕಾವಲ ಕೂಡಿಸಿದ್ರಿ. ಕಾವಲ ತೆಗದ ಮ್ಯಾಲ ಹೋಗಿ ಬಾಗಿಲತನಕ ನಿಂತು ಬಂದ್ವಿ. ಕೇಳಿದವರಿಗೆ ಕೊಡೂದು ಪದ್ಧತಿರಿ. ಆಕಿ ಕೇಳಂಗಿಲ್ಲ, ಕೇಳಿದಾಕಿನೂ ಅಲ್ಲ. ಕೇಳದ ಒಯ್ದು ಕೊಟ್ರ ದಾನಾ ಮಾಡಿದಂಗ ಆಗ್ತೈತಿ, ಆಕಿ ಜೀವಕ್ಕ ಭಾಳ ಹತ್ತತೈತಿ. ಆಕಿ ಪರವಾಗಿ ಯಾರರ ಕೇಳಬೇಕು. ಯಾರ್ ಕೇಳ್ತೀರಿ?"

೯. ಸದರಿ ಪ್ರಶ್ನೆಯನ್ನು ಮೇಲಧಿಕಾರಿಗಳ ಗಮನಕ್ಕೆ ತರುವ ಅವಶ್ಯಕತೆ ಕಂಡುಬರಲಿಲ್ಲ. ಆದ್ದರಿಂದ ಈ ಮೂಲಕ ಸರ್ಕಾರವೇ ಬಟ್ಟಲು ಹಿಡಿದು ಕೇಳುತ್ತಿದೆ: ಅವ್ವಂದಿರೇ, ಅಕ್ಕಂದಿರೇ, ಒಂದು ಚಮಚ ಹೆಪ್ಪು ಕೊಡಿ. ತಪ್ಪು ನಮ್ಮದು. ಕೇಳಿದವರು ನಾವು, ಸೋಮವ್ವ ಅಲ್ಲ. ಇದನ್ನು ಕಡತದಲ್ಲಿ ಕೆಂಪು ಶಾಯಿಯಿಂದ ಬರೆಯಲಾಗಿದೆ.

೧೦. ಸದರಿ ಕೋರಿಕೆಯನ್ನು ಪರಿಶೀಲಿಸಿ ಶ್ರೀಮತಿ ಜಯಶ್ರೀ ಇವರು ಮಂಜೂರಾತಿ ನೀಡಿ, ತತ್‌ಕ್ಷಣ ಎರಡು ಬಟ್ಟಲು ತುಂಬಿಸಿದ್ದಾರೆ. ಒಂದನ್ನು ಸುರೇಖಾ ಇವರಿಗೆ ಮುಟ್ಟಿಸಲಾಗಿದೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಅವರು, "ಇದ ರೀ ಸರ್, ಇದ! ಜೀವಂತ ಐತಿ!" ಎಂದು ಕೂಗಿದ್ದು ಹೊರಗಿನ ಚಹಾದಂಗಡಿಯವರೆಗೂ ಕೇಳಿಸಿದೆ. ಠೇವಣಿ ಸೋಮವಾರ ಆಗತಕ್ಕದ್ದು.

೧೧. ಉಲ್ಲೇಖ (೧) ಮತ್ತು (೨)ನ್ನು ಹಿಂಪಡೆಯಲಾಗಿದೆ. ಪೇಟೆಂಟ್ ಬಂದಲ್ಲಿ ಅದು ಸುರೇಖಾ ಇವರ ಮಿಶ್ರಣಕ್ಕೆ ಹಾಗೂ ವಿಧಾನಕ್ಕೆ ಮಾತ್ರ ಅನ್ವಯಿಸತಕ್ಕದ್ದು. ಅಡುಗೆಮನೆಯ ಹೆಪ್ಪಿಗೆ ಯಾರೂ ಒಡೆಯರಲ್ಲ. ಕೊಡುವವರು ಕೊಡಲಿ, ಉಣ್ಣುವವರು ಉಣ್ಣಲಿ.

೧೨. ಈ ಪ್ರಕರಣದಲ್ಲಿ ಕೆಳಸಹಿದಾರರು ತಮಗೆ ತಾವೇ ಕಾರಣ ಕೇಳುವ ನೋಟೀಸು ಜಾರಿ ಮಾಡಿಕೊಂಡು ಸಮಜಾಯಿಷಿ ಸಲ್ಲಿಸಿದ್ದಾರೆ. ಸಮಜಾಯಿಷಿ ತೃಪ್ತಿಕರವಾಗಿಲ್ಲ. ಮೊಸರು ತೃಪ್ತಿಕರವಾಗಿತ್ತು.

ಸಹಿ/-
(ದುಂಡೇಶ)
ಸಹಾಯಕ ನಿರ್ದೇಶಕರು

ಪ್ರತಿಗಳು:

೧. ಮೇಲಧಿಕಾರಿಗಳಿಗೆ, ಗಮನಕ್ಕೆ ತಂದರೂ ಅಡ್ಡಿಯಿಲ್ಲ ಎಂಬ ಷರಾದೊಂದಿಗೆ.
೨. ಪ್ಲಗ್ಗಿನ ಬೀಗ ಸಮಿತಿಯ ಅಧ್ಯಕ್ಷರಿಗೆ. ಫ್ಯಾನು ಆರಿಸುವ ಕೋರಿಕೆಯೊಂದಿಗೆ.
೩. ಹಣಮಪ್ಪ ಇವರಿಗೆ. ಇನ್ನು ಸಾಲಿನಿಂದ ಸಾಲಿಗೆ ಹೋಗುವ ಅವಶ್ಯಕತೆ ಇರುವುದಿಲ್ಲ.
೪. ಶ್ರೀಮತಿ ತಬಸುಮ ಇವರಿಗೆ. ಹಾದಿಯಲ್ಲಿ ಸಿಕ್ಕಾಗ ಕೊಡುವುದು.
೫. ಶ್ರೀಮತಿ ಜಯಶ್ರೀ ಇವರಿಗೆ. ಪ್ರತಿ ಬೇಡವೆಂದಿರುತ್ತಾರೆ.
೬. ಶ್ರೀಮತಿ ಸೋಮವ್ವ ಇವರಿಗೆ. ಸದರಿ ಪ್ರತಿಯನ್ನು ಎರಡನೇ ಬಟ್ಟಲಿನ ಮೇಲೆ ಮುಚ್ಚಿ ಕೆಳಸಹಿದಾರರೇ ಖುದ್ದಾಗಿ ತಂದಿರುತ್ತಾರೆ. ಮೇಲಿನದನ್ನು ಓದುವ ಅವಶ್ಯಕತೆ ಇರುವುದಿಲ್ಲ. ಕೆಳಗಿನದನ್ನು ಹಾಲಿಗೆ ಹಾಕುವುದು.