ಕಂಟ್ರಾಕ್ಟರು ಗುರುತು ಹಾಕಿದ ಬಂಡೆ

ಬಿಳಿ ದೊರೆಗಳ ಕಾಲದಲ್ಲಿ ಮೂಡಿಗೆರೆ ಕಡೆಯ ಒಂದು ಕಂಟ್ರಾಕ್ಟ್ ಕಂಪನಿಯಲ್ಲಿ ನಾನು ಲೆಕ್ಕ ಬರೆಯುವ ರೈಟರಾಗಿದ್ದೆ. ರಸ್ತೆ ಮಾಡುವುದು ನಮ್ಮ ಕಸುಬು. ಅಗೆದಲ್ಲೆಲ್ಲ ನಾವೆಣಿಸದ ಏನಾದರೊಂದು ಏಳುತ್ತಿತ್ತು. ಒಮ್ಮೆ ಹಾವು, ಒಮ್ಮೆ ನೀರಿನ ಸೆಲೆ. ಆ ವರ್ಷ ದೇವರು. ನೆನೆದರೆ ನಗು ಬರುತ್ತದೆ. ಅದರ ಹಿಂದೆಯೇ ಮೈ ಜುಮ್ಮೆನ್ನುತ್ತದೆ.

೧. ಗುರುತು

ಕಳಸದ ಕಡೆಗೆ ಹೊಸ ರಸ್ತೆ. ಮಳೆಗಾಲ ಹಿಡಿಯುವುದರೊಳಗೆ ಮುಗಿಯದಿದ್ದರೆ ಕೆಲಸ ಬೇರೆಯವರ ಪಾಲು ಎಂದು ಇಂಜಿನಿಯರ್ ದೊರೆ ಎಚ್ಚರಿಸಿದ್ದರು. ಹಾಗಾದರೆ ಕಂಪನಿಯೇ ಮುಳುಗಿದಂತೆ. ದಾರಿಗೆ ಅಡ್ಡವಾಗಿ ಆನೆಯಂಥ ಒಂದು ಬಂಡೆಯಿತ್ತು. ಅದನ್ನು ಸಿಡಿಸುವ ಮದ್ದಿಗೆ ಕುಳಿ ಕೊರೆಯಬೇಕಾದ ಜಾಗಕ್ಕೆ ಮೇಸ್ತ್ರಿ ಸುಣ್ಣದ ಗುರುತು ಹಾಕಿದ. ಒಂದೇ ಮಳೆಗೆ ತೊಳೆದುಹೋಯಿತು. ಸಿಟ್ಟಿಗೆದ್ದ ಕಂಟ್ರಾಕ್ಟರು, ಸೇತುವೆಯ ಕಬ್ಬಿಣಕ್ಕೆಂದು ತಂದಿದ್ದ ಕೆಂಪು ಬಣ್ಣದಲ್ಲಿ ಕೈ ಅದ್ದಿ ತಾವೇ ದುಂಡಗೆ ಬಳಿದರು.

“ಇನ್ನು ಯಾವ ಮಳೆ ಅಳಿಸುತ್ತೋ ನೋಡೋಣ!”

ಮಳೆ ಅಳಿಸಲಿಲ್ಲ. ಬೆಳಿಗ್ಗೆ ಹೋದರೆ ಗುರುತಿನ ಸುತ್ತ ಅರಿಶಿನ, ಮೇಲೆ ದಾಸವಾಳ, ಕೆಳಗೆ ಒಡೆದ ತೆಂಗಿನಕಾಯಿ.

೨. ವಾದ

ಕುಳಿ ಕೊರೆಯಲು ಕೂಲಿಯವರಲ್ಲಿ ಒಬ್ಬನೂ ಮುಂದೆ ಬರಲಿಲ್ಲ.

“ಅದು ಬಣ್ಣ ಕಣ್ರೋ! ನಿನ್ನೆ ನಾನೇ ಈ ಕೈಯಲ್ಲೇ ಹಚ್ಚಿದ್ದು,” ಎಂದು ಕಂಟ್ರಾಕ್ಟರು ಅಂಗೈ ತೋರಿಸಿದರು. ಅದಿನ್ನೂ ಕೆಂಪಗಿತ್ತು.

ಕಲ್ಲು ಹೊರುವ ಮುದುಕಿಯೊಬ್ಬಳು ಬಂದು ಆ ಕೈಯನ್ನು ಕಣ್ಣಿಗೊತ್ತಿಕೊಂಡಳು. “ಇಷ್ಟು ಜನ ಇದ್ದೂ ಚೌಡಮ್ಮ ನಿಮ್ಮ ಕೈಲೇ ಹಚ್ಚಿಸ್ಕೊಂಡ್ಲಲ್ಲ ಅಯ್ಯಾ! ಎಂಥಾ ಪುಣ್ಯ ನಿಮ್ದು!”

ವಾದ ಅಲ್ಲಿಗೆ ಮುಗಿಯಿತು. ರಸ್ತೆ ಬಂಡೆಯನ್ನು ಬಳಸಿಕೊಂಡು ಹೋಯಿತು. ಅದುವರೆಗೆ ಮೈಗಳ್ಳರೆನಿಸಿಕೊಂಡವರು, ಅಮ್ಮ ನೋಡುತ್ತಿದ್ದಾಳೆಂದು ಬೀಡಿ ಸೇದಲೂ ಕೂರಲಿಲ್ಲ. ಮಳೆಗೆ ಮೊದಲೇ ಕೆಲಸ ಮುಗಿಯಿತು. ಬೇಸರವಾದದ್ದು ಮೇಸ್ತ್ರಿಗೊಬ್ಬನಿಗೇ.

“ಬೈಯೋಕೆ ಒಬ್ರೂ ಸಿಗ್ತಿಲ್ಲ ರೈಟ್ರೇ. ಹಿಂಗಾದ್ರೆ ನಾನ್ಯಾಕೆ ಬೇಕು?”

೩. ತಪಾಸಣೆ

ದೊರೆ ಕೊಟ್ಟ ನಕ್ಷೆಯಲ್ಲಿ ಆ ತಿರುವು ಇರಲಿಲ್ಲ. ಅವರು ಒಪ್ಪದಿದ್ದರೆ ಮಾಡಿದ್ದೆಲ್ಲ ನೀರಿಗೆ ಹಾಕಿದ ಹಾಗೆ. ಅವರ ಕಾರು ಸರಿಯಾಗಿ ಬಂಡೆಯ ಎದುರೇ ನಿಂತಿತು.

“ಇದೇನು, ಸುತ್ತಿಕೊಂಡು ಹೋಗಿದೆ?”

ಕಂಟ್ರಾಕ್ಟರು ಮೇಸ್ತ್ರಿಯನ್ನು ಮುಂದಕ್ಕೆ ತಳ್ಳಿದರು. ಅವನು ಹೇಳಿದ: “ದೇವ್ರ ಕಲ್ಲು, ದೊರೆ. ಭಾಳ ಹಳೇದು.”

ದೊರೆ ಹತ್ತಿರ ಹೋಗಿ ಗುರುತಿನ ಮೇಲೆ ಬೆರಳಾಡಿಸಿದರು. ಹೆಂಗಸರು ಆಗಷ್ಟೇ ಕುಂಕುಮ ಹಚ್ಚಿದ್ದರು. ಸೆಕೆಯ ದಿನ, ಟೋಪಿ ತೆಗೆದು ಅದೇ ಬೆರಳಿನಿಂದ ಹಣೆಯ ಬೆವರು ಒರೆಸಿಕೊಂಡು ನಮ್ಮ ಕಡೆ ತಿರುಗಿದರು.

ಹಣೆಯ ನಡುವೆ ಕುಂಕುಮ.

ಎಲ್ಲರೂ ಒಟ್ಟಿಗೆ ಕೈಮುಗಿದರು. ಮುದುಕಿ ಅಡ್ಡಬಿದ್ದಳು. ಅಂಥ ಮರ್ಯಾದೆಯನ್ನು ದೊರೆ ಎಲ್ಲೂ ಕಂಡಿರಲಿಕ್ಕಿಲ್ಲ. ಮುಖ ಅರಳಿತು. “ರಸ್ತೆ ಚೆನ್ನಾಗಿದೆ,” ಎಂದು ಕಾರು ಹತ್ತಿದರು.

ಕಾರು ಮರೆಯಾದದ್ದೇ ಕಂಟ್ರಾಕ್ಟರು ಬೂಟು ಕಳಚಿ ಬಂಡೆಗೆ ಕಾಯಿ ಒಡೆದರು. ನನಗೆ ತಡೆಯಲಾಗಲಿಲ್ಲ. “ಅಯ್ಯಾ, ಅದು ನೀವೇ ಹಚ್ಚಿದ ಬಣ್ಣವಲ್ಲವೇ?”

“ಹಚ್ಚಿದ್ದು ನಾನೇ ಮಾರಾಯ,” ಎಂದು ಅವರು ದನಿ ತಗ್ಗಿಸಿದರು. “ಆಮೇಲೆ ಬಂದು ಕೂತವರು ಯಾರು ಅಂತ ನಿನಗೆ ಗೊತ್ತಾ? ಸುಮ್ನೆ ಕೈಮುಗಿ.”