ಹೂ ಬಲಕ್ಕೇ ಬಿತ್ತು

ಭಯ ಹುಟ್ಟುವುದು ಅಜ್ಞಾನದಿಂದ ಎಂದು ಬಲ್ಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗುವ ತನಕ ನನಗೆ ಯಾವ ಭಯವೂ ಇರಲಿಲ್ಲ. ಪಾಸಾದ ಸುದ್ದಿ ಬಂದ ಗಳಿಗೆಯಿಂದ ಹೊಟ್ಟೆಯೊಳಗೆ ಕಪ್ಪೆಯೊಂದು ಹೊಕ್ಕು ಕೂತ ಹಾಗಾಯಿತು. ಫೇಲಾಗಿದ್ದರೆ ಮುಂದಿನ ದಾರಿ ನಿಚ್ಚಳವಾಗಿತ್ತು, ಮತ್ತೆ ಅದೇ ಪರೀಕ್ಷೆಗೆ ಕಟ್ಟುವುದು. ಪಾಸಾದವನಿಗೆ ಮಾತ್ರ ‘ಮುಂದೆ ಎಂತ?’ ಎಂಬ ಪ್ರಶ್ನೆ. ಕೊಪ್ಪದ ಪೇಟೆಯಲ್ಲಿ ಅಪ್ಪಯ್ಯನದು ಸಣ್ಣ ಜವಳಿ ಅಂಗಡಿ. ಅಲ್ಲಿ ಆಗಲೇ ಅಣ್ಣ ಕೂತಿದ್ದ. ಇನ್ನೊಬ್ಬನಿಗೆ ಮಾಡಲು ಕೆಲಸವಿರಲಿಲ್ಲ. ಹಾಗಿದ್ದರೂ ನಾನು ಅಲ್ಲೇ ಮೂಲೆಯಲ್ಲಿ ಕೂತಿರುತ್ತಿದ್ದೆ. ಪಂಚೆ ಕೊಳ್ಳಲು ಬಂದವರು ಅಂಚು ನೋಡುವುದನ್ನು ಬಿಟ್ಟು ನನ್ನನ್ನು ನೋಡುತ್ತಿದ್ದರು. “ಮಾಣಿ ಪಾಸಂತೆ? ಮುಂದೆ ಎಂತ ಮಾಡ್ತಾನೆ?” ಪಂಚೆ ಕೊಳ್ಳದೆ ಹೋದವರು ಉಂಟು, ಸಲಹೆ ಕೊಡದೆ ಹೋದವರಿಲ್ಲ.

ಸಲಹೆಗಳನ್ನೆಲ್ಲ ಜಾಲಿಸಿದ ಮೇಲೆ ಉಳಿದದ್ದು ಮೂರು ದಾರಿ. ಅಪ್ಪಯ್ಯನಿಗೆ ನಾನು ಕಾಡಿನ ನಡುವಿನ ಕೆರೆಕಟ್ಟೆಯ ಶಾಲೆಗೆ ಮೇಷ್ಟರಾಗಿ ಹೋಗಬೇಕೆಂದು ಆಸೆ. ಅಲ್ಲಿದ್ದ ಮೇಷ್ಟರು ಒಂದು ಬೆಳಗ್ಗೆ ಶಾಲೆಯ ಜಗಲಿಯ ಮೇಲೆ ಹುಲಿಯ ಹೆಜ್ಜೆ ಕಂಡು, ಬಾಗಿಲಿಗೆ ಬೀಗವನ್ನೂ ಹಾಕದೆ ಊರಿಗೆ ಹೋದವರು ಮರಳಿರಲಿಲ್ಲ. ಜಾಗ ಖಾಲಿ ಇದೆ ಎಂದು ಅಪ್ಪಯ್ಯ ಹಿಗ್ಗಿನಿಂದ ಹೇಳುತ್ತಿದ್ದರು. ಹೇಗೆ ಖಾಲಿಯಾಯಿತು ಎಂಬುದು ಅವರಿಗೆ ಮುಖ್ಯವಲ್ಲ. ಎರಡನೆಯದು ನರಸಿಂಹರಾಜಪುರ. ಅಲ್ಲಿ ನನ್ನ ಸೋದರಮಾವ ಒಂದು ಮರದ ಡಿಪೋದಲ್ಲಿ ಗುಮಾಸ್ತ. ತಮ್ಮ ಪಕ್ಕದಲ್ಲೇ ನನ್ನನ್ನು ಕೂರಿಸಿಕೊಳ್ಳುವುದಾಗಿ ಮಾತು ಕೊಟ್ಟಿದ್ದರು. ಅಲ್ಲಿ ಭಾರಿ ಚಳಿಜ್ವರವಂತಲ್ಲ ಎಂದು ನಾನು ಕೇಳಿದಾಗ ಮಾವ ತಮ್ಮ ಹೊಟ್ಟೆಯ ಎಡಗಡೆ ಜ್ವರಕ್ಕೆ ಊದಿಕೊಂಡಿದ್ದ ಗಡ್ಡೆಯನ್ನು ಸಾಕಿದ ಬೆಕ್ಕನ್ನು ಸವರುವ ಹಾಗೆ ಸವರಿಕೊಂಡು, “ಅದೆಂತ ಜ್ವರ ಮಾರಾಯ! ದಿನ ಬಿಟ್ಟು ದಿನ ಬರೂದು. ಮಧ್ಯದ ದಿನ ಕೆಲಸ ಮಾಡಿದ್ರಾಯ್ತು” ಎಂದರು. ಮೂರನೆಯದು ಮೈಸೂರಿಗೆ ಹೋಗಿ ಇಂಟರ್ಮೀಡಿಯೆಟ್ ಓದುವುದು. ಅಲ್ಲಿ ಹುಲಿಯಿಲ್ಲ, ಚಳಿಜ್ವರವಿಲ್ಲ; ಗಣಿತವಿದೆ. ಜೊತೆಗೆ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ಮನೆಯ ಯಜಮಾನಿಯರಿಗೆ ಹೆದರಿಕೊಂಡು ಉಣ್ಣುವುದು. ಒಬ್ಬ ಅಮ್ಮನಿಗೆ ಹೆದರಿಯೇ ನನಗೆ ಸಾಕಾಗಿತ್ತು.

ಇಷ್ಟಕ್ಕೆ ಯಾರಾದರೂ ಒಂದನ್ನು ಆರಿಸಿ ಹೊರಟುಬಿಡುತ್ತಿದ್ದರು. ಆದರೆ ನಾನು ಚರ್ಚಾಕೂಟದಲ್ಲಿ ಪಳಗಿದವನು. ನಮ್ಮ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟರು ಪ್ರತಿ ಶುಕ್ರವಾರ ಚೀಟಿ ಎತ್ತಿಸುತ್ತಿದ್ದರು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ನಾನು ಎರಡರಲ್ಲೂ ಗೆಲ್ಲುತ್ತಿದ್ದೆ. ಅದರ ಫಲ ಈಗ ಸಿಕ್ಕಿತು. ಅಪ್ಪಯ್ಯನ ಮುಂದೆ ಕೆರೆಕಟ್ಟೆಯನ್ನು ಎಷ್ಟು ಚೆನ್ನಾಗಿ ಖಂಡಿಸಿದೆನೆಂದರೆ ಅವರು ಪೆಚ್ಚಾಗಿ ಮೈಸೂರೇ ಆಗಲಿ ಎಂದರು. ಕೂಡಲೇ ಮೈಸೂರಿನ ದೋಷಗಳು ನನಗೆ ಎದ್ದು ಕಂಡವು. ಮಾವನ ಮುಂದೆ ಡಿಪೋದ ವಿರುದ್ಧ ಮಾತು ಶುರುಮಾಡಿ, ನಡುವೆ ಎದುರು ಪಕ್ಷದ ವಾದವೇ ಬಲವಾಗಿ ತೋರಿ ಅದನ್ನೂ ಹೇಳಿಬಿಟ್ಟೆ. ಮಾವ ಖುಷಿಯಿಂದ ನನ್ನ ಬೆನ್ನು ತಟ್ಟಿ, ಮಲಗಲು ಜಾಗ ನೋಡಿಡುತ್ತೇನೆಂದು ಹೊರಟರು. ನಾನು ಅವರ ಹಿಂದೆ ಓಡಿ ಆಕ್ಷೇಪಣೆ ಸಲ್ಲಿಸಬೇಕಾಯಿತು. ಎಲ್ಲರೂ ನನ್ನನ್ನು ಬುದ್ಧಿವಂತನೆನ್ನುತ್ತಿದ್ದರು. ನನಗೆ ಮಾತ್ರ ಒಳಗೊಳಗೇ ಭಯ. ಇಷ್ಟೆಲ್ಲ ಮಾತಾಡುವವನಿಗೆ ಸ್ವಂತದ್ದೆಂಬ ಅಭಿಪ್ರಾಯ ಒಂದೂ ಇಲ್ಲವಲ್ಲ! ಮುದುಕನಾಗುವವರೆಗೂ ಅಂಗಡಿಯ ಮೂಲೆಯಲ್ಲಿ ಕೂತು ಬದುಕಿನ ಎರಡೂ ಪಕ್ಷ ಮಂಡಿಸುತ್ತಲೇ ಇರುತ್ತೇನೆಯೇ?

ಕಡೆಗೆ ಅಮ್ಮನಿಗೆ ಸಾಕಾಯಿತು. “ಇವನ ಬಾಯಿಗೆ ಬಿಟ್ರೆ ಇದು ಮುಗಿಯೂದಿಲ್ಲ. ದೇವಿ ಹತ್ರ ಪ್ರಸಾದ ಕೇಳುವ” ಎಂದಳು. ನಮ್ಮ ಕಡೆ ಮದುವೆಯಿರಲಿ, ಬಾವಿ ತೋಡಿಸುವುದಿರಲಿ, ನಿಶ್ಚಯವಾಗದ್ದನ್ನು ಹೀಗೆಯೇ ಇತ್ಯರ್ಥ ಮಾಡುವುದು. ಭಟ್ಟರು ದೇವಿಯ ಎರಡು ಭುಜಗಳ ಮೇಲೂ ಒದ್ದೆ ಹೂ ಅಂಟಿಸುತ್ತಾರೆ. ನಾವು ಪ್ರಶ್ನೆ ಇಡಬೇಕು. ಬಲಗಡೆಯದು ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಕೂಡದು. ನಾನೋ, ದೈವಕ್ಕಿಂತ ಮನುಷ್ಯಪ್ರಯತ್ನವೇ ದೊಡ್ಡದೆಂದು ವಾದಿಸಿ ಬಹುಮಾನ ಪಡೆದವನು. ಬಹುಮಾನದ ಬೆಳ್ಳಿ ಲೋಟವನ್ನು ಅಮ್ಮ ದೇವರ ಮುಂದೆ ತೀರ್ಥಕ್ಕೆ ಇಟ್ಟಿದ್ದಳು, ಆ ಮಾತು ಬೇರೆ.

“ಹೂವಿಗೆ ಎಂತ ಗೊತ್ತಮ್ಮ?” ಎಂದೆ.

“ನಿಂಗೆ ಗೊತ್ತಿದ್ಯಾ?” ಎಂದಳು.

ಮಿಂದು ಹೊರಟೆ.

ಪೇಟೆಯಾಚೆಯ ಸಣ್ಣ ಗುಡಿ. ಭಟ್ಟರು ಹೂ ಇಟ್ಟರು. ಅಪ್ಪಯ್ಯ ಕೈ ಮುಗಿದು, ಮಾಣಿ ಕೆರೆಕಟ್ಟೆಗೆ ಮೇಷ್ಟರಾಗಿ ಹೋಗುವುದು ಒಳ್ಳೆಯದಾದರೆ ಬಲಕ್ಕೆ ಕೊಡು ತಾಯಿ ಎಂದು ಕೇಳಿಕೊಂಡರು. ನಾನು ಇದನ್ನು ಶುದ್ಧ ವಿಜ್ಞಾನದ ಪ್ರಯೋಗವೆಂದು ನೋಡಲು ನಿಶ್ಚಯಿಸಿಕೊಂಡಿದ್ದೆ. ನೀರು ಆರಿದಂತೆ ಹೂವಿನ ಅಂಟು ಸಡಿಲುತ್ತದೆ, ಭೂಮಿ ಎಳೆದುಕೊಳ್ಳುತ್ತದೆ; ಇದರಲ್ಲಿ ಹೆದರುವಂಥದ್ದೇನು? ಆದರೂ ಹೂವಿನಿಂದ ಕಣ್ಣು ಕೀಳಲಾಗಲಿಲ್ಲ. ಅಷ್ಟರಲ್ಲಿ ಕಂಡಿತು: ನಂದಾದೀಪ ಇದ್ದದ್ದು ಬಲಗಡೆ! ಆ ಕಾವಿಗೆ ಬಲಗಡೆಯ ಹೂವೇ ಮೊದಲು ಒಣಗಬೇಕು. ನನ್ನ ಇಡೀ ಆಯುಷ್ಯ ಒಂದು ಬತ್ತಿಯ ಕಾವಿನಲ್ಲಿ ಬೇಯುತ್ತಿರುವಾಗ ಸುಮ್ಮನಿರುವುದು ಹೇಗೆ?

“ಭಟ್ರೇ, ಆ ದೀಪ ಒಂಚೂರು ಈಚೆ ಸರಿಸ್ಬಹುದಾ?”

ಭಟ್ಟರು ತಿರುಗಿ ನೋಡಿದರು. ಹೂ ಬಿತ್ತು. ಬಲಕ್ಕೇ ಬಿತ್ತು.

ಅಮ್ಮ ಕಣ್ಣಿಗೆ ಸೆರಗು ಒತ್ತಿಕೊಂಡಳು. ಅಪ್ಪಯ್ಯ ಅಡ್ಡಬಿದ್ದರು. ನನ್ನ ಕಣ್ಣಿಗೆ ಶಾಲೆಯ ಜಗಲಿ, ಅದರ ಮೇಲಿನ ಹೆಜ್ಜೆ, ಹೆಜ್ಜೆಯ ಹಿಂದಿನ ಪ್ರಾಣಿ ಒಂದೊಂದಾಗಿ ಮೂಡಿದವು. “ಇದು ಲೆಕ್ಕಕ್ಕಿಲ್ಲ” ಎಂದು ಕೂಗಿದೆ. “ಪ್ರಶ್ನೆ ಇಟ್ಟಿದ್ದೇ ಸರಿಯಿಲ್ಲ. ‘ಒಳ್ಳೆಯದಾದರೆ’ ಅಂದ್ರೆ ಯಾರಿಗೆ ಒಳ್ಳೆಯದು? ಶಾಲೆಗಾ, ನಂಗಾ, ಅಲ್ಲಿನ ಪ್ರಾಣಿಗಳಿಗಾ? ದೀಪ ಆಚೆ ಇಟ್ಟು ಇನ್ನೊಂದು ಸಲ ಕೇಳ್ಬೇಕು.”

ಭಟ್ಟರು ಮೀಸೆಯಿಲ್ಲದ ತುಟಿಯಲ್ಲೇ ನಕ್ಕರು. ಅಮ್ಮ ನಗಲಿಲ್ಲ. “ಅಲ್ಲ ಮಾಣಿ, ಹೂವಿಗೆ ಎಂತದೂ ಗೊತ್ತಿಲ್ಲ ಅಂದವ ನೀನೇ ಅಲ್ವಾ? ಗೊತ್ತಿಲ್ದಿದ್ದ ಹೂವಿನ ಹತ್ರ ಎರಡ್ನೇ ಸಲ ಕೇಳೂದು ಎಂತಕ್ಕೆ?”

ಎಷ್ಟೋ ಚರ್ಚೆಗಳಲ್ಲಿ ಎದುರಾಳಿಯನ್ನು ಇಂಥ ಇಕ್ಕಟ್ಟಿಗೆ ನೂಕಿದ್ದೇನೆ. ಆ ಇಕ್ಕಟ್ಟಿನೊಳಗೆ ನಾನೇ ನಿಂತು ನೋಡಿದ್ದು ಇದೇ ಮೊದಲು. ಹೂವಿನದು ಬರಿಯ ಬೀಳುವಿಕೆಯಾದರೆ ನಾನು ಕೂಗಿದ್ದು ಮೂರ್ಖತನ. ದೇವಿಯ ಮಾತಾದರೆ ಗಂಟುಮೂಟೆ ಕಟ್ಟಬೇಕು. ಅಪ್ಪಯ್ಯ ಎದ್ದು ಪಂಚೆ ಕೊಡವಿಕೊಂಡು ಮೆಲ್ಲನೆ ಹೇಳಿದರು, “ಹೋಗ್ಲಿ, ಹೂ ಬೇಡ. ನೀನೇ ಹೇಳು. ಎಲ್ಲಿಗೆ ಹೋಗ್ತೀ? ಹೇಳಿದಲ್ಲಿಗೆ ಕಳಿಸ್ತೇನೆ.”

ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ. ಹುಲಿ, ಜ್ವರ, ಗಣಿತ ಮೂರೂ ಒಟ್ಟಿಗೆ ಬಂದಿದ್ದರೂ ಆ ಮಾತಿನಷ್ಟು ಹೆದರಿಸುತ್ತಿರಲಿಲ್ಲ. “ಒಂದು ದೃಷ್ಟಿಯಿಂದ ನೋಡಿದರೆ...” ಎಂದು ತೊಡಗಿದೆ.

“ಎಷ್ಟು ದೃಷ್ಟಿ ಮಾರಾಯ ನಿಂಗೆ! ಒಂದೇ ಮಾತು ಹೇಳು” ಎಂದಳು ಅಮ್ಮ.

ಮೈಸೂರು ಎನ್ನಲು ಹೊರಟೆ. ಅಲ್ಲಿ ಸೋತರೆ ‘ದೇವಿ ಹೇಳಿದ್ದು ಕೇಳ್ಲಿಲ್ಲ, ಅನುಭವಿಸ್ಲಿ’ ಎಂದು ಪಂಚೆ ಕೊಳ್ಳಲು ಬಂದವರೆಲ್ಲ ಅನ್ನುತ್ತಾರೆ. ಅವರ ಮಾತು ಹೋಗಲಿ, ಆಗ ನಾನೇ ಹಾಗೆ ಅಂದುಕೊಂಡರೆ? “ಕೆರೆಕಟ್ಟೆಗೇ ಹೋಗ್ತೇನೆ” ಎಂದೆ. “ಆದ್ರೆ ಹೂ ಬಿತ್ತು ಅಂತ ಅಲ್ಲ. ನಾನೇ ಯೋಚನೆ ಮಾಡಿ ಹೇಳ್ತಾ ಇರೂದು. ಅದು ಎಲ್ಲರಿಗೂ ಗೊತ್ತಿರ್ಲಿ.”

“ಗೊತ್ತಾಯ್ತು” ಎಂದರು ಅಪ್ಪಯ್ಯ. ಭಟ್ಟರು ಬಿದ್ದ ಹೂವನ್ನೆತ್ತಿ ನನ್ನ ಕೈಗಿಟ್ಟರು. ಬೇಡವೆನ್ನಲು ವಾದಗಳಿದ್ದವು. ಕಿವಿಗೆ ಮುಡಿದುಕೊಂಡೆ.

ಈಗ ಕೆರೆಕಟ್ಟೆಗೆ ಬಂದು ಕೆಲವು ತಿಂಗಳಾಯಿತು. ಮೇಷ್ಟರು ಇಲ್ಲಿಗೆ ಬಂದದ್ದು ಹೇಗೆಂದು ಯಾರಾದರೂ ಕೇಳಿದರೆ, ಸ್ವಂತ ಬುದ್ಧಿಯಿಂದ ಆರಿಸಿಕೊಂಡು ಬಂದೆನೆಂದು ಕಾರಣಸಮೇತ ವಿವರಿಸುತ್ತೇನೆ. ಹಗಲು ಹೊತ್ತಿನಲ್ಲಿ ಅದನ್ನು ಯಾರೂ ಮುರಿಯಲಾರರು. ಸಂಜೆ ಶಾಲೆಗೆ ಬೀಗ ಹಾಕಿ ಮರಗಳ ನಡುವಿನ ಕಾಲುದಾರಿಯಲ್ಲಿ ಒಬ್ಬನೇ ಬಿಡಾರಕ್ಕೆ ಹೊರಟಾಗ ಮಾತ್ರ ಪಕ್ಷ ಬದಲಿಸುತ್ತೇನೆ. ನನ್ನನ್ನು ಕಳಿಸಿದ್ದು ದೇವಿಯೇ, ಕಳಿಸಿದವಳಿಗೆ ಕಾಯುವ ಹೊಣೆಯೂ ಉಂಟು ಎಂದು ಗಟ್ಟಿಯಾಗಿಯೇ ವಾದ ಮಂಡಿಸುತ್ತ, ಸ್ವಲ್ಪ ಬೇಗ ಬೇಗ ಕಾಲು ಹಾಕುತ್ತೇನೆ. ಇದುವರೆಗೆ ಪೊದೆಯೊಳಗಿಂದ ಯಾರೂ ಎದುರು ವಾದಿಸಿಲ್ಲ.