ಜನರಲ್ ಪರೀಕ್ಷೆಯ ವಿರುದ್ಧ ನನ್ನ ವಾದ

ನನಗೆ ಇಂಗ್ಲಿಷ್ ಬರುತ್ತದೆಯೇ ಎಂಬ ಬಗ್ಗೆ ಪುಣೆಯಲ್ಲಿ ಯಾರಿಗೂ ಸಂಶಯವಿರಲಿಲ್ಲ. ಸಂಶಯ ಬಂದದ್ದು ಆಸ್ಟ್ರೇಲಿಯಾದವರಿಗೆ ಮಾತ್ರ. ಇಲ್ಲಿ ಬಂದು ನೆಲೆಸಬೇಕೆಂದರೆ ಮೊದಲು ಒಂದು ಪರೀಕ್ಷೆ ಬರೆದು ತೋರಿಸಿ ಎಂದರು. ತೋರಿಸೋಣ! ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ತಂದ ಹನ್ನೊಂದು ಪಾರಿತೋಷಕಗಳು ನಮ್ಮ ಮನೆಯಲ್ಲಿವೆ. ಟಿವಿ ಮೇಲೆ ಜಾಗ ಸಾಲದೆ ಎರಡನ್ನು ಫ್ರಿಜ್ಜಿನ ಮೇಲೆ ಇಟ್ಟಿದ್ದೇವೆ.

ಅರ್ಜಿಯ ಮೊದಲ ಸಾಲಿನಲ್ಲಿ ನನ್ನ ಹೆಸರು, ಎರಡನೆಯ ಸಾಲಿನಲ್ಲಿ ಗಂಡ ಪ್ರಶಾಂತನ ಹೆಸರು. ಇದು ಸಣ್ಣ ವಿಷಯವಲ್ಲ. ರೇಷನ್ ಕಾರ್ಡಿನಿಂದ ಹಿಡಿದು ಮನೆಗೆ ಬರುವ ಲಗ್ನಪತ್ರಿಕೆಗಳವರೆಗೆ ನಾನು ಎರಡನೆಯವಳೇ. ಈ ಒಂದು ಕಾಗದದಲ್ಲಿ ಮಾತ್ರ ನಾನು ಮೊದಲನೆಯವಳು.

ಪರೀಕ್ಷೆಯಲ್ಲಿ ಎರಡು ಬಗೆ: ಅಕಾಡೆಮಿಕ್ ಮತ್ತು ಜನರಲ್. ಇದರಲ್ಲಿ ಆಯ್ಕೆ ಮಾಡುವಂಥದ್ದೇನಿದೆ? ರೈಲಿನಲ್ಲಿ ಜನರಲ್ ಡಬ್ಬಿ ಯಾವುದೆಂದು ನನಗೆ ಗೊತ್ತಿದೆ. ಆಸ್ಪತ್ರೆಯಲ್ಲಿ ಜನರಲ್ ವಾರ್ಡ್ ಯಾವುದೆಂದೂ ಗೊತ್ತಿದೆ.

ಮಾವನವರಿಗೆ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರ. ಮಹಾಲಿಂಗಪುರದಿಂದ ಬಂದ ಬೆಲ್ಲದ ಗಟ್ಟಿ ಪೆಂಟೆಯನ್ನು ಹೆಬ್ಬೆರಳಿನಿಂದ ಒತ್ತಿ, ಉಗುರಿನಿಂದ ಕೆರೆದು, ಒಂದು ಚೂರು ನಾಲಿಗೆಗೆ ಹಾಕಿ ದರ್ಜೆ ಹೇಳುವವರು. ನನ್ನ ಫಾರ್ಮನ್ನೂ ಹಾಗೇ ಹೆಬ್ಬೆರಳಿನಿಂದ ಒತ್ತಿ ನೋಡಿದರು.

“ಗಿರಾಕಿ ಏನು ಕೇಳ್ಯಾನವ್ವಾ ಶೈಲಾ?”

ಕೇಳಿದ್ದು ಏನೇ ಇರಲಿ, ನಾವು ಮೇಲಿನ ದರ್ಜೆಯದನ್ನೇ ಕೊಡೋಣ, ಮೇಲಿನದರಲ್ಲಿ ಕೆಳಗಿನದು ಬಂದೇ ಬರುತ್ತದೆ ಎಂದು ಸಿದ್ಧಾಂತ ಮಂಡಿಸಿದೆ.

“ದನದ ಮೇವಿಗೆ ಕರಿ ಬೆಲ್ಲ ಕೇಳಿದವಗ ಕೇಸರಿ ಬೆಲ್ಲ ಕಳಿಸಿದ್ರ ಅಂವಗ ಖುಷಿ ಆಗಂಗಿಲ್ಲವ್ವಾ. ಲಾರಿ ವಾಪಸ್ ಬರ್ತದ.”

ದೃಷ್ಟಾಂತ ವಿಷಯಕ್ಕೆ ಹೊಂದುವುದಿಲ್ಲ, ನಾನು ಬೆಲ್ಲವಲ್ಲ, ಆಸ್ಟ್ರೇಲಿಯಾ ದನವಲ್ಲ ಎಂದು ಮೂರು ಅಂಶಗಳಲ್ಲಿ ಖಂಡಿಸಿದೆ. ಮಾವನವರು ಟೋಪಿ ಹಾಕಿಕೊಂಡು ಅಂಗಡಿಗೆ ಹೋದರು. ಎದುರಾಳಿ ವೇದಿಕೆ ಬಿಟ್ಟರೆ ಗೆಲುವು ನಮ್ಮದು. ಅದು ನಿಯಮ.

ಶಿವಾಜಿನಗರದಲ್ಲಿ ಪರೀಕ್ಷೆಗೆ ಹೆಸರು ಬರೆದುಕೊಳ್ಳುವ ಕೌಂಟರಿನಲ್ಲಿದ್ದ ಮರಾಠಿ ಹೆಂಗಸೂ ಒಂದೇ ಪ್ರಶ್ನೆ ಕೇಳಿದಳು: “ಶಿಕಾಯಲಾ ಕೀ ರಾಹಾಯಲಾ?” ಕಲಿಯಲೋ, ಇರಲೋ? ಇರುವವರು ಕಲಿಯುವುದನ್ನು ನಿಲ್ಲಿಸುತ್ತಾರೆಯೇ ಎಂದು ನಾನು ಮರುಪ್ರಶ್ನೆ ಹಾಕಿದೆ. ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ಆಕೆ ಅಕಾಡೆಮಿಕ್ ಎಂಬಲ್ಲಿ ಗುರುತು ಹಾಕಿ, ಮುಂದಿನವರನ್ನು ಕರೆದಳು. ಮುಂದಿನವನು ಪ್ರಶಾಂತ. “ರಾಹಾಯಲಾ” ಎಂದ. ಜನರಲ್ ಸಿಕ್ಕಿತು. ಭೋಸರಿಯ ಕಾರ್ಖಾನೆಯಲ್ಲಿ ಲೇಥ್ ಓಡಿಸುವವನು, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ದುರಭ್ಯಾಸ ಅವನಿಗಿದೆ.

ನನಗೆ ಭರ್ಜರಿ ಅಂಕ ಬಂತು. ಚಿತಳೆ ಅಂಗಡಿಯ ಹಳದಿ ಪೇಢೆ ತಂದು ಇಡೀ ಹೌಸಿಂಗ್ ಸೊಸೈಟಿಗೆ ಹಂಚಿದೆ. ಮೇಲಿನ ಮಹಡಿಯ ಕುಲಕರ್ಣಿ ಕಾಕೂಗೆ ಎರಡು ಕೊಟ್ಟೆ. ಮಾವನವರಿಗೆ ಬೇಕೆಂದೇ ಮೂರು ಕೊಟ್ಟೆ.

ಆಮೇಲೆ ಆಸ್ಟ್ರೇಲಿಯಾದಿಂದ ಕಾಗದ ಬಂತು. ತಾವು ಬರೆದದ್ದು ಅಕಾಡೆಮಿಕ್, ನಾವು ಕೇಳಿದ್ದು ಜನರಲ್, ಮೂರು ತಿಂಗಳೊಳಗೆ ಕಳಿಸಿ. ಲಾರಿ ವಾಪಸ್!

ನಾನು ಬಗ್ಗಲಿಲ್ಲ. ನಾಲ್ಕು ಪುಟಗಳ ಆಕ್ಷೇಪಣೆ ಟೈಪು ಮಾಡಿಸಿ ಕಳಿಸಿದೆ. ಪೀಠಿಕೆ, ಏಳು ಅಂಶ, ಉಪಸಂಹಾರ ಎಲ್ಲವೂ ಇದ್ದವು. ಉತ್ತರ ಎರಡು ಸಾಲಿನದು. ಮೊದಲ ಸಾಲಿನಲ್ಲಿ ಧನ್ಯವಾದ, ಎರಡನೆಯದರಲ್ಲಿ ಜನರಲ್. ಎಂಟನೆಯ ಅಂಶ ಸೇರಿಸಿ ಮತ್ತೊಮ್ಮೆ ಬರೆದೆ. ಅದೇ ಎರಡು ಸಾಲು ಬಂದವು. ಹೀಗೆ ಎರಡು ತಿಂಗಳು ಕಳೆದವು.

“ಒಂದು ಸಲ ಬರದ್ ಬಿಡು ಶೈಲಾ,” ಎಂದ ಪ್ರಶಾಂತ. ಅವನು ಯಾವಾಗಲೋ ಪಾಸಾಗಿದ್ದ.

ಗಡುವಿನೊಳಗೆ ಉಳಿದದ್ದು ಒಂದೇ ಪರೀಕ್ಷೆ. ಪ್ರತಿಭಟನೆಯನ್ನು ಕಾಯ್ದಿರಿಸಿಕೊಂಡು ಕುಳಿತೆ. ಪ್ರಶ್ನೆಪತ್ರಿಕೆ ತೆರೆದರೆ ಒಂದು ಪತ್ರ ಬರೆಯಬೇಕಿತ್ತು: ಅಂಗಡಿಯವರು ನೀವು ಕೇಳಿದ ವಸ್ತುವಿನ ಬದಲು ಬೇರೊಂದನ್ನು ಕಳಿಸಿದ್ದಾರೆ, ಬದಲಿಸಿಕೊಡುವಂತೆ ಕೇಳಿರಿ.

ಇದು ಮಾರ್ಕೆಟ್ ಯಾರ್ಡಿನ ಸಂಚು ಎಂದು ನನಗೆ ತಕ್ಷಣ ಹೊಳೆಯಿತು. ಗಿರಾಕಿಯ ಪರ ನಿಂತರೆ ಮಾವನವರನ್ನು ಒಪ್ಪಿಕೊಂಡಂತೆ! ಅಂಗಡಿಯ ಪರ ನಿಂತೆ. ಕಳಿಸಿದ ವಸ್ತು ಕೇಳಿದ್ದಕ್ಕಿಂತ ಉತ್ತಮವಾಗಿರುವ ಸಾಧ್ಯತೆ, ಅದನ್ನು ತಿಳಿಯದ ಗಿರಾಕಿಯ ಸಂಕುಚಿತ ಬುದ್ಧಿ, ಇವನ್ನೆಲ್ಲ ಆಧಾರಸಹಿತ ವಿವರಿಸಿದೆ. ನನ್ನ ಜೀವನದ ಅತ್ಯುತ್ತಮ ವಾದ ಅದು. ಕೇಳಿದ ಪತ್ರವಾಗಿರಲಿಲ್ಲ, ಅಷ್ಟೇ. ಬರವಣಿಗೆಯಲ್ಲಿ ಬೇಕಾದ್ದಕ್ಕಿಂತ ಅರ್ಧ ಅಂಕ ಕಡಿಮೆ ಬಿತ್ತು. ಗಡುವೂ ಮುಗಿಯಿತು.

ಫಲಿತಾಂಶ ನೋಡಿ ಮಾವನವರು ಅಂಗಡಿಯಿಂದ ಒಂದು ಪೆಂಟೆ ಬೆಲ್ಲ ತಂದು ಅಡುಗೆಮನೆಯಲ್ಲಿಟ್ಟರು. ಕರಿ ಬೆಲ್ಲ.

ಈಗ ಹೊಸ ಅರ್ಜಿ ಹೋಗುತ್ತಿದೆ. ಮೊದಲ ಸಾಲಿನಲ್ಲಿ ಪ್ರಶಾಂತ. ಅವನ ಅಂಕ ಸಾಕಂತೆ. ಎರಡನೆಯ ಸಾಲಿನಲ್ಲಿ ನಾನು, ನನ್ನ ಹೆಸರಿನ ಮುಂದೆ ‘ಅವಲಂಬಿತೆ’ ಎಂಬ ಅರ್ಥದ ಇಂಗ್ಲಿಷ್ ಶಬ್ದ. ಅದರ ಕಾಗುಣಿತ ಸರಿಯಾಗಿದೆಯೇ ಎಂದು ಪ್ರಶಾಂತ ನನ್ನನ್ನೇ ಕೇಳಿದ. ಸರಿಯಾಗಿತ್ತು.

ಆ ಶಬ್ದದ ವಿರುದ್ಧ ಆರು ಪುಟಗಳ ಆಕ್ಷೇಪಣೆ ಸಿದ್ಧವಾಗಿದೆ. ಅಂಚೆಗೆ ಹಾಕಲು ಪ್ರಶಾಂತನ ಸಹಿ ಬೇಕು.